ಲಿಂಕ್ ಒಬ್ಬರದು, ಒಳಗಿನ ಪುಟ ಇನ್ನೊಬ್ಬರದು: ವೆಬ್‌ಪುಟದ ‘ಫ್ರೇಮ್’ ಎಂದರೇನು?

ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಲಿಂಕ್ ಬರುತ್ತದೆ. ಅದರ ಮೇಲೆ ಒಂದೆರಡು ಸಾಲು: ‘ಬೆಳೆ ವಿಮೆಯ ಪಟ್ಟಿ ಬಂದಿದೆ, ನಿಮ್ಮ ಹೆಸರು ಇದೆಯೇ ನೋಡಿಕೊಳ್ಳಿ, ರೈತ ಬಾಂಧವರಿಗೆಲ್ಲ ಕಳಿಸಿ.’ ಸೋಯಾ, ತೊಗರಿ ಬೆಳೆಯುವ ಬಸವಕಲ್ಯಾಣ, ಹುಮನಾಬಾದ್ ಕಡೆಯ ಯಾವ ಹಳ್ಳಿಯ ಗುಂಪಿನಲ್ಲಾದರೂ ಇಂಥ ಸಂದೇಶವನ್ನು ಯಾರೂ ತೆರೆಯದೆ ಬಿಡುವುದಿಲ್ಲ. ಒತ್ತಿದರೆ ಸರ್ಕಾರದ ಪುಟವೇ ಕಾಣುತ್ತದೆ. ಅದೇ ಲಾಂಛನ, ಅದೇ ಬಣ್ಣ, ಅದೇ ಅಕ್ಷರ. ‘ನಾನೇ ತೆರೆದು ನೋಡಿದ್ದೇನೆ, ಅಸಲಿಯೇ ಇದೆ’ ಎಂದು ಒಂದು ಸಾಲು ಸೇರಿಸಿ ನಾವೂ ಮುಂದಕ್ಕೆ ಕಳಿಸುತ್ತೇವೆ.

ತೆರೆದು ನೋಡಿದ್ದು ನಿಜ. ಆದರೆ ನೋಡಿದ್ದು ಯಾರ ಪುಟ, ಕಳಿಸಿದ್ದು ಯಾರ ಲಿಂಕ್? ಈ ಎರಡೂ ಬೇರೆಬೇರೆ ಆಗಿರಲು ಸಾಧ್ಯ. ಅದಕ್ಕೆ ಹ್ಯಾಕಿಂಗ್ ಬೇಕಿಲ್ಲ, ಕಂಪ್ಯೂಟರ್ ವಿದ್ಯೆಯೂ ಹೆಚ್ಚು ಬೇಕಿಲ್ಲ. ವೆಬ್‌ಸೈಟ್ ಕಟ್ಟುವ ಉಚಿತ ಸಾಧನಗಳಲ್ಲೇ ಇರುವ ‘ಫ್ರೇಮ್’ ಎಂಬ ಸೌಲಭ್ಯ ಸಾಕು. ಈ ಲೇಖನದಲ್ಲಿ ಫ್ರೇಮ್ ಎಂದರೇನು, ಅದು ಹೇಗೆ ಕೆಲಸ ಮಾಡುತ್ತದೆ, ಅದರಿಂದ ಏನು ಉಪಯೋಗ, ಏನು ಅಪಾಯ, ಫಾರ್ವರ್ಡ್ ಮಾಡುವ ಮೊದಲು ಏನು ನೋಡಬೇಕು ಎಂಬುದನ್ನು ತಿಳಿಸುತ್ತೇವೆ.

ಫ್ರೇಮ್ ಎಂದರೇನು?

ಒಂದು ವೆಬ್‌ಪುಟದೊಳಗೆ ಇನ್ನೊಂದು ವೆಬ್‌ಪುಟವನ್ನು ತೋರಿಸಲು ಬಿಡುವ ಚೌಕಟ್ಟೇ ಫ್ರೇಮ್. ಹೊರಗಿನ ಪುಟದಲ್ಲಿ ಒಂದಿಷ್ಟು ಜಾಗ ಗುರುತು ಮಾಡಿ, ‘ಈ ಜಾಗದಲ್ಲಿ ಇಂಥ ವಿಳಾಸದ ಪುಟ ತೋರಿಸು’ ಎಂದು ಒಂದು ಸಾಲು ಬರೆದರೆ ಮುಗಿಯಿತು. ಬ್ರೌಸರ್ ಆ ವಿಳಾಸಕ್ಕೆ ಹೋಗಿ ಪುಟ ತಂದು ಅಲ್ಲಿ ಕೂರಿಸುತ್ತದೆ. ಓದುವವರಿಗೆ ಎಲ್ಲವೂ ಒಂದೇ ಪುಟದಂತೆ ಕಾಣುತ್ತದೆ.

ಮನೆಯ ಕಿಟಕಿಯನ್ನು ನೆನೆಯಿರಿ. ಬಸವಕಲ್ಯಾಣದಲ್ಲಿ ಯಾರದೋ ಮನೆಯ ಕಿಟಕಿಯಿಂದ ಕೋಟೆ ಚೆನ್ನಾಗಿ ಕಾಣುತ್ತದೆ ಎನ್ನಿ. ಕಾಣುವ ಕೋಟೆ ಅಸಲಿ ಕೋಟೆಯೇ. ಹಾಗೆಂದು ಆ ಮನೆ ಪುರಾತತ್ವ ಇಲಾಖೆಯದಾಗುವುದಿಲ್ಲ, ಕೋಟೆ ಮನೆಯವರದೂ ಆಗುವುದಿಲ್ಲ. ಫ್ರೇಮ್ ಕೂಡ ಹೀಗೆಯೇ. ಒಳಗೆ ಕಾಣುವುದು ಒಬ್ಬರದು, ಚೌಕಟ್ಟು ಇನ್ನೊಬ್ಬರದು.

ಇದರಲ್ಲಿ ಎರಡು ಬಗೆ. ಹಳೆಯದು ‘ಫ್ರೇಮ್‌ಸೆಟ್’: ಇಡೀ ಪರದೆಯನ್ನೇ ಎರಡು ಮೂರು ಭಾಗ ಮಾಡಿ, ಒಂದೊಂದು ಭಾಗದಲ್ಲಿ ಒಂದೊಂದು ಪುಟ ತೋರಿಸುವುದು. ಎರಡನೆಯದು ‘ಐಫ್ರೇಮ್’: ಪುಟದ ನಡುವೆ ಎಲ್ಲಿ ಬೇಕೋ ಅಲ್ಲಿ ಒಂದು ಚೌಕಟ್ಟು ಇಡುವುದು. ಈಗ ಬಳಕೆಯಲ್ಲಿರುವುದು ಈ ಐಫ್ರೇಮ್. ಸುದ್ದಿತಾಣದಲ್ಲಿ ಓದುತ್ತಿರುವಾಗ ನಡುವೆ ಯೂಟ್ಯೂಬ್ ವಿಡಿಯೊ ಕಾಣುತ್ತದಲ್ಲ, ಮದುವೆ ಮಂಟಪದ ವೆಬ್‌ಸೈಟಿನಲ್ಲಿ ಗೂಗಲ್ ನಕ್ಷೆ ಕಾಣುತ್ತದಲ್ಲ, ಅವೆಲ್ಲ ಸಾಮಾನ್ಯವಾಗಿ ಐಫ್ರೇಮ್‌ಗಳೇ. ಜಾಹೀರಾತುಗಳೂ ಬಹುತೇಕ ಹೀಗೆಯೇ ಬರುತ್ತವೆ. ಅಂದರೆ ಫ್ರೇಮ್ ಅಪರೂಪದ ವಸ್ತುವಲ್ಲ. ದಿನವೂ ನಮ್ಮ ಕಣ್ಣಮುಂದೆ ಇರುವುದೇ.

ಇದು ಎಲ್ಲಿಂದ ಬಂತು?

ಫ್ರೇಮ್‌ಗಳು ಜನರ ಕೈಗೆ ಬಂದದ್ದು 1996ರಲ್ಲಿ, ನೆಟ್‌ಸ್ಕೇಪ್ ನ್ಯಾವಿಗೇಟರ್ 2.0 ಎಂಬ ಬ್ರೌಸರ್ ಜೊತೆಗೆ. ಅದೇ ವರ್ಷ ಮೈಕ್ರೊಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 3ರಲ್ಲಿ ಐಫ್ರೇಮ್ ತಂದಿತು. 1997ರ ಡಿಸೆಂಬರ್‌ನಲ್ಲಿ ಹೊರಬಂದ ಎಚ್‌ಟಿಎಂಎಲ್ 4.0 ಎರಡನ್ನೂ ಅಧಿಕೃತ ಪಟ್ಟಿಗೆ ಸೇರಿಸಿತು. ವೆಬ್‌ಪುಟಗಳನ್ನು ಬರೆಯುವ ಭಾಷೆಗೆ ಎಚ್‌ಟಿಎಂಎಲ್ ಎಂದು ಹೆಸರು.

ಆಗ ಇದರ ಅಗತ್ಯವೂ ಇತ್ತು. ಟೆಲಿಫೋನ್ ತಂತಿಯ ಮೇಲೆ ಇಂಟರ್ನೆಟ್ ಬರುತ್ತಿದ್ದ ಕಾಲ ಅದು. ಪ್ರತಿ ಸಲ ಇಡೀ ಪುಟ ಇಳಿಯುವುದಕ್ಕೆ ಕಾಯಬೇಕಿತ್ತು. ಎಡಗಡೆ ಪರಿವಿಡಿ, ಬಲಗಡೆ ವಿಷಯ ಎಂದು ಪರದೆಯನ್ನು ಭಾಗ ಮಾಡಿದರೆ ಪರಿವಿಡಿ ಹಾಗೆಯೇ ನಿಂತಿರುತ್ತದೆ, ಬಲಗಡೆಯದಷ್ಟೇ ಬದಲಾಗುತ್ತದೆ. ಸಮಯವೂ ಉಳಿತಾಯ, ಫೋನ್ ಬಿಲ್ಲೂ ಉಳಿತಾಯ.

ಕೋಡ್ ಬರೆಯಲು ಬಾರದವರಿಗೂ ಇದನ್ನು ಸುಲಭ ಮಾಡಿಕೊಟ್ಟದ್ದು ಫ್ರಂಟ್‌ಪೇಜ್‌ನಂಥ ತಾಣ ಕಟ್ಟುವ ಸಾಧನಗಳು. ವರ್ಮೀರ್ ಟೆಕ್ನಾಲಜೀಸ್ ಎಂಬ ಕಂಪನಿ ಮಾಡಿದ್ದ ಫ್ರಂಟ್‌ಪೇಜ್ ಅನ್ನು ಮೈಕ್ರೊಸಾಫ್ಟ್ 1996ರ ಜನವರಿಯಲ್ಲಿ ಕೊಂಡುಕೊಂಡಿತು. ಅದರಲ್ಲಿ ಫ್ರೇಮ್‌ಗಳಿಗೆ ಸಿದ್ಧ ಮಾದರಿಗಳಿದ್ದವು: ಮೇಲೊಂದು ಪಟ್ಟಿ, ಎಡಕ್ಕೊಂದು ಪರಿವಿಡಿ, ಉಳಿದ ಜಾಗದಲ್ಲಿ ವಿಷಯ. ಮಾದರಿ ಆರಿಸಿ, ಗೆರೆ ಎಳೆದು ಅಗಲ ಸರಿಮಾಡಿ, ಒಂದೊಂದು ಭಾಗಕ್ಕೆ ಒಂದೊಂದು ಪುಟ ಜೋಡಿಸಿದರೆ ತಾಣ ಸಿದ್ಧ.

ತೊಂದರೆಗಳೂ ಬೇಗ ಗೊತ್ತಾದವು. ಒಳಗೆ ಹತ್ತು ಪುಟ ತಿರುವಿದರೂ ವಿಳಾಸಪಟ್ಟಿಯಲ್ಲಿ ಮೊದಲ ವಿಳಾಸವೇ ನಿಂತಿರುತ್ತಿತ್ತು. ಏಳನೇ ಪುಟವನ್ನು ಗೆಳೆಯರಿಗೆ ಕಳಿಸಿದರೆ ಅವರಿಗೆ ಮೊದಲ ಪುಟ ತೆರೆಯುತ್ತಿತ್ತು. ವೆಬ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 1996ರ ಡಿಸೆಂಬರ್‌ನಲ್ಲೇ ಫ್ರೇಮ್‌ಗಳನ್ನು ಬಳಸಬೇಡಿ ಎಂದು ಬರೆದರು. 2014ರಲ್ಲಿ ಅಂತಿಮಗೊಂಡ ಎಚ್‌ಟಿಎಂಎಲ್ 5 ಫ್ರೇಮ್‌ಸೆಟ್ ಅನ್ನು ಕೈಬಿಟ್ಟಿತು. ಐಫ್ರೇಮ್ ಮಾತ್ರ ಉಳಿಯಿತು. ಫ್ರಂಟ್‌ಪೇಜ್ ಕೂಡ 2003ರ ಆವೃತ್ತಿಗೇ ನಿಂತಿತು.

ಸ್ಮಾರ್ಟ್‌ಫೋನ್ ಬಂದ ಮೇಲೆ ಹಳೆಯ ಬಗೆಯ ವಿಭಜನೆಗೆ ಜಾಗವೇ ಉಳಿಯಲಿಲ್ಲ. ಸಣ್ಣ ಲೆಕ್ಕ ನೋಡಿ. ಫೋನಿನ ಪರದೆಯ ಅಗಲ 360 ಪಿಕ್ಸೆಲ್ ಎಂದುಕೊಳ್ಳಿ. ಎಡಗಡೆ ಪರಿವಿಡಿಗೆ ಶೇಕಡ 20 ಕೊಟ್ಟರೆ ಸಿಗುವುದು 72 ಪಿಕ್ಸೆಲ್. ‘ಕೃಷಿ’ ಎಂಬ ಪದ ಹಿಡಿಯಬಹುದು, ‘ತೋಟಗಾರಿಕೆ ಇಲಾಖೆ’ ಹಿಡಿಯುವುದಿಲ್ಲ.

ಅಂದಿನ ಆ ತೊಂದರೆ, ಅಂದರೆ ಒಳಗಿನದು ಬದಲಾದರೂ ಹೊರಗಿನ ವಿಳಾಸ ಬದಲಾಗದಿರುವುದು, ಐಫ್ರೇಮ್‌ನಲ್ಲಿ ಇಂದಿಗೂ ಇದೆ. ಮೋಸಗಾರರಿಗೆ ಬೇಕಾದದ್ದೂ ಅದೇ.

ಈಗಿನ ಸಾಧನಗಳಲ್ಲಿ ಫ್ರೇಮ್ ಹಾಕುವುದು ಹೇಗೆ?

ಹುಮನಾಬಾದ್‌ನ ಒಬ್ಬ ವಿದ್ಯಾರ್ಥಿ ಜಲಸಂಗಿಯ ದೇವಾಲಯದ ಬಗ್ಗೆ ಒಂದು ಪುಟ ಮಾಡಬೇಕೆಂದುಕೊಂಡಿದ್ದಾಳೆ ಎನ್ನೋಣ. ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿ, ಶಾಸನ ಬರೆಯುತ್ತಿರುವ ಹೆಣ್ಣಿನ ಶಿಲ್ಪಕ್ಕೆ ಹೆಸರಾದದ್ದು. ಅವಳು ಗೂಗಲ್ ಸೈಟ್ಸ್ ತೆರೆದು ಶೀರ್ಷಿಕೆ ಬರೆಯುತ್ತಾಳೆ, ತಾನು ತೆಗೆದ ಚಿತ್ರ ಹಾಕುತ್ತಾಳೆ. ದಾರಿ ತೋರಿಸಲು ನಕ್ಷೆ ಬೇಕು. ಗೂಗಲ್ ನಕ್ಷೆಯಲ್ಲಿ ಸ್ಥಳ ಹುಡುಕಿ, ಹಂಚಿಕೆಯ ಗುಂಡಿ ಒತ್ತಿ, ‘ಎಂಬೆಡ್’ ಆರಿಸಿದರೆ ಒಂದು ಕೋಡ್ ಸಿಗುತ್ತದೆ. ಅದನ್ನು ಗೂಗಲ್ ಸೈಟ್ಸ್‌ನ ‘ಎಂಬೆಡ್’ ಜಾಗದಲ್ಲಿ ಅಂಟಿಸಿದರೆ ನಕ್ಷೆ ಪುಟದೊಳಗೇ ಮೂಡುತ್ತದೆ. ಯೂಟ್ಯೂಬ್ ವಿಡಿಯೊಗೂ ಇದೇ ವಿಧಾನ. ಕೋಡ್ ಬೇಡವೆಂದರೆ ಬರೀ ವಿಳಾಸ ಕೊಟ್ಟರೂ ಆಗುತ್ತದೆ. ಐದು ನಿಮಿಷದ ಕೆಲಸ, ಕಾಸಿನ ಖರ್ಚಿಲ್ಲ.

ಇದರಲ್ಲಿ ತಪ್ಪೇನೂ ಇಲ್ಲ. ನಕ್ಷೆ, ವಿಡಿಯೊ ಕೊಡುವವರೇ ‘ಬೇರೆ ತಾಣಗಳಲ್ಲಿ ಹೀಗೆ ತೋರಿಸಿಕೊಳ್ಳಿ’ ಎಂದು ಕೋಡ್ ಕೊಟ್ಟಿರುತ್ತಾರೆ. ನಕ್ಷೆಯಲ್ಲಿ ಏನಾದರೂ ತಿದ್ದುಪಡಿಯಾದರೆ ಅವಳ ಪುಟದಲ್ಲೂ ತಾನಾಗಿಯೇ ಹೊಸದು ಬರುತ್ತದೆ.

ಇದೇ ಐದು ನಿಮಿಷದಲ್ಲಿ ಇನ್ನೊಬ್ಬ ಇನ್ನೊಂದು ಕೆಲಸ ಮಾಡಬಹುದು. ಶೀರ್ಷಿಕೆಯಲ್ಲಿ ಯಾವುದೋ ಯೋಜನೆಯ ಹೆಸರು ಬರೆದು, ಚೌಕಟ್ಟಿನೊಳಗೆ ಇಲಾಖೆಯ ಪುಟವನ್ನೋ ಅದರಂತೆಯೇ ಕಾಣುವ ಪುಟವನ್ನೋ ಇಟ್ಟು, ಅದರ ಕೆಳಗೆ ‘ಹಣ ಪಡೆಯಲು ಇಲ್ಲಿ ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ, ಒಟಿಪಿ ಹಾಕಿ’ ಎಂದು ತನ್ನದೇ ಫಾರ್ಮ್ ಇಡಬಹುದು. ಸಾಧನ ಒಂದೇ, ಗುಂಡಿಯೂ ಒಂದೇ. ವ್ಯತ್ಯಾಸ ಇರುವುದು ಕಟ್ಟಿದವರ ಉದ್ದೇಶದಲ್ಲಿ.

ಫಾರ್ವರ್ಡ್ ಮಾಡುವವರಿಗೆ ಇದು ಏಕೆ ಮುಖ್ಯ?

ಮೂರು ಕಾರಣಗಳಿವೆ.

ಒಂದು, ಬ್ರೌಸರಿನ ಹಂಚಿಕೆಯ ಗುಂಡಿ ಒತ್ತಿದಾಗ ಹೋಗುವುದು ಹೊರಗಿನ ಪುಟದ ವಿಳಾಸ. ಒಳಗೆ ನೀವು ನೋಡಿ ಮೆಚ್ಚಿದ್ದು ಸರ್ಕಾರದ ಪುಟವೇ ಆಗಿದ್ದರೂ ಗುಂಪಿಗೆ ತಲುಪುವುದು ಚೌಕಟ್ಟು ಹಾಕಿದವರ ಲಿಂಕ್.

ಎರಡು, ಚೌಕಟ್ಟಿನೊಳಗೆ ಏನು ಕಾಣಬೇಕು ಎಂಬುದನ್ನು ತೀರ್ಮಾನಿಸುವವರು ಹೊರಗಿನ ಪುಟದ ಒಡೆಯರು. ಅವರು ಬಯಸಿದಾಗ ಒಳಗಿನ ವಿಳಾಸ ಬದಲಿಸಬಹುದು. ಬೆಳಿಗ್ಗೆ ನೀವು ತೆರೆದಾಗ ಅಸಲಿ ಪುಟ ಇತ್ತು, ನೀವು ಕಳಿಸಿದಿರಿ, ಅದು ಹತ್ತು ಗುಂಪು ದಾಟಿತು, ಸಂಜೆಗೆ ಅದೇ ಲಿಂಕ್‌ನಲ್ಲಿ ಒಟಿಪಿ ಕೇಳುವ ಪುಟ ಬಂತು. ಲಿಂಕಿನ ಒಂದಕ್ಷರವೂ ಬದಲಾಗಿರುವುದಿಲ್ಲ. ‘ನಾನೇ ನೋಡಿದ್ದೇನೆ’ ಎಂಬ ನಿಮ್ಮ ಮಾತು ಮಾತ್ರ ಅದರ ಜೊತೆಗೇ ಓಡಾಡುತ್ತಿರುತ್ತದೆ. ನೀವು ನೋಡಿದ್ದೂ, ನೀವು ಕಳಿಸಿದವರು ನೋಡುವುದೂ ಒಂದೇ ಆಗಿರಬೇಕಿಲ್ಲ. ಈ ಲೇಖನದಿಂದ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಮೂರು, ವಾಟ್ಸ್‌ಆ್ಯಪ್‌ನಲ್ಲಿ ಲಿಂಕಿನ ಜೊತೆ ಕಾಣುವ ಚಿಕ್ಕ ಚಿತ್ರ ಮತ್ತು ಶೀರ್ಷಿಕೆ. ಅದನ್ನು ವಾಟ್ಸ್‌ಆ್ಯಪ್ ಪರೀಕ್ಷಿಸಿ ಹಾಕಿರುವುದಲ್ಲ. ಹೊರಗಿನ ಪುಟ ಮಾಡಿದವರು ತಮ್ಮ ಪುಟದಲ್ಲಿ ಯಾವ ಚಿತ್ರ, ಯಾವ ಶೀರ್ಷಿಕೆ ಬರೆದಿಟ್ಟಿರುತ್ತಾರೋ ಅದೇ ಅಲ್ಲಿ ಬರುತ್ತದೆ. ಅಲ್ಲಿ ಗಂಡಭೇರುಂಡ ಲಾಂಛನ ಕಂಡಿತು ಎಂದಮಾತ್ರಕ್ಕೆ ಪುಟ ಕರ್ನಾಟಕ ಸರ್ಕಾರದ್ದಲ್ಲ.

ಕೆಲವು ನಂಬಿಕೆಗಳು, ಕೆಲವು ನಿಜಗಳು

ನಂಬಿಕೆ: ವಿಳಾಸದ ಪಕ್ಕ ಬೀಗದ ಗುರುತು ಇದ್ದರೆ ಪುಟ ಸುರಕ್ಷಿತ.

ನಿಜ: ಬೀಗ ಹೇಳುವುದು ಒಂದೇ ಸಂಗತಿ. ನಿಮ್ಮ ಫೋನಿಗೂ ಆ ತಾಣಕ್ಕೂ ನಡುವೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾಗದು ಎಂಬುದು. ತಾಣದ ಒಡೆಯರು ಒಳ್ಳೆಯವರೋ ಕೆಟ್ಟವರೋ ಎಂದು ಅದು ಹೇಳುವುದಿಲ್ಲ. ಉಚಿತ ಸಾಧನಗಳಲ್ಲಿ ಕಟ್ಟಿದ ಪುಟಗಳಿಗೆ ಆ ಬೀಗ ತಾನಾಗಿಯೇ ಸಿಗುತ್ತದೆ. ಜನ ಬೀಗವನ್ನು ತಪ್ಪಾಗಿ ತಿಳಿಯುತ್ತಾರೆ ಎಂಬ ಕಾರಣಕ್ಕೇ ಕ್ರೋಮ್ ಬ್ರೌಸರ್ 2023ರಲ್ಲಿ ಬೀಗದ ಗುರುತನ್ನು ತೆಗೆದು ಬೇರೆ ಗುರುತು ಹಾಕಿತು.

ನಂಬಿಕೆ: ವಿಳಾಸದಲ್ಲಿ ‘ಗೂಗಲ್ ಡಾಟ್ ಕಾಮ್’ ಇದೆ, ಹಾಗಾಗಿ ಗೂಗಲ್ ಪರಿಶೀಲಿಸಿರುತ್ತದೆ.

ನಿಜ: ಗೂಗಲ್ ಸೈಟ್ಸ್‌ನಲ್ಲಿ ಯಾರು ಪುಟ ಮಾಡಿದರೂ ವಿಳಾಸ ‘ಸೈಟ್ಸ್ ಡಾಟ್ ಗೂಗಲ್ ಡಾಟ್ ಕಾಮ್’ ಎಂದೇ ಶುರುವಾಗುತ್ತದೆ. ಅದು ಬಾಡಿಗೆ ಕೋಣೆ ಇದ್ದಂತೆ. ಕಟ್ಟಡದ ಹೆಸರು ದೊಡ್ಡದಿದ್ದರೂ ಕೋಣೆಯಲ್ಲಿ ಇರುವವರು ಯಾರೋ. ಗೂಗಲ್ ಫಾರ್ಮ್‌ನ ಕೆಳಗಂತೂ ‘ಇದನ್ನು ಗೂಗಲ್ ರಚಿಸಿಲ್ಲ, ಅನುಮೋದಿಸಿಲ್ಲ’ ಎಂಬ ಅರ್ಥದ ಸಾಲನ್ನೂ, ಪಾಸ್‌ವರ್ಡ್ ಹಾಕಬೇಡಿ ಎಂಬ ಎಚ್ಚರಿಕೆಯನ್ನೂ ಅವರೇ ಬರೆದಿರುತ್ತಾರೆ.

ನಂಬಿಕೆ: ಫ್ರೇಮ್ ಇರುವ ಪುಟ ಎಂದರೆ ವೈರಸ್, ಅಂಥ ಪುಟ ತೆರೆದರೆ ಬ್ಯಾಂಕ್ ಖಾತೆ ಖಾಲಿ.

ನಿಜ: ಇದು ಇನ್ನೊಂದು ಅತಿ. ಬ್ರೌಸರ್‌ಗಳಲ್ಲಿ 1990ರ ದಶಕದಿಂದಲೂ ‘ಸೇಮ್ ಆರಿಜಿನ್ ಪಾಲಿಸಿ’ ಎಂಬ ನಿಯಮವಿದೆ. ಬೇರೆ ತಾಣದಿಂದ ಬಂದ ಪುಟದೊಳಗೆ ಏನಿದೆ, ಅಲ್ಲಿ ನೀವು ಏನು ಟೈಪ್ ಮಾಡಿದಿರಿ ಎಂಬುದನ್ನು ಹೊರಗಿನ ಪುಟ ಇಣುಕಿ ಓದಲು ಬ್ರೌಸರ್ ಬಿಡುವುದಿಲ್ಲ. ನಕ್ಷೆ, ವಿಡಿಯೊ ಇರುವ ಲಕ್ಷಾಂತರ ಪುಟಗಳು ದಿನವೂ ಈ ಗೋಡೆಯ ಭರವಸೆಯ ಮೇಲೆ ನಡೆಯುತ್ತಿವೆ.

ನಂಬಿಕೆ: ಹಾಗಾದರೆ ಫ್ರೇಮ್‌ನೊಳಗೆ ಏನು ತುಂಬಿದರೂ ಚಿಂತೆಯಿಲ್ಲ.

ನಿಜ: ಚಿಂತೆ ಇದೆ. ಒಳಗಿರುವುದು ಅಸಲಿ ಪುಟವಾಗಿದ್ದರೆ ಮಾತ್ರ ಆ ಗೋಡೆ ನಿಮ್ಮನ್ನು ಕಾಯುತ್ತದೆ. ಒಳಗಿನದೂ ಮೋಸಗಾರನದೇ ಆಗಿದ್ದರೆ ನೀವು ತುಂಬಿದ್ದೆಲ್ಲ ನೇರವಾಗಿ ಅವನ ಕೈಗೆ. ಇನ್ನೊಂದು ತಂತ್ರಕ್ಕೆ ‘ಕ್ಲಿಕ್‌ಜಾಕಿಂಗ್’ ಎಂದು ಹೆಸರು. 2008ರಲ್ಲಿ ಭದ್ರತಾ ತಜ್ಞರಾದ ರಾಬರ್ಟ್ ಹ್ಯಾನ್ಸನ್ ಮತ್ತು ಜೆರೆಮಯಾ ಗ್ರಾಸ್‌ಮನ್ ಈ ಹೆಸರು ಕೊಟ್ಟರು. ಅದರಲ್ಲಿ ಅಸಲಿ ಪುಟವನ್ನು ಕಾಣದಂತೆ ಪಾರದರ್ಶಕ ಮಾಡಿ, ಅದರ ಕೆಳಗೆ ‘ಬಹುಮಾನ ಪಡೆಯಿರಿ’ ಎಂಬ ಗುಂಡಿ ಇಟ್ಟಿರುತ್ತಾರೆ. ನೀವು ಬಹುಮಾನ ಒತ್ತಿದೆ ಎಂದುಕೊಳ್ಳುತ್ತೀರಿ, ಒತ್ತಿದ್ದು ಮೇಲಿನ ಪುಟದ ‘ಒಪ್ಪಿಗೆ’ ಗುಂಡಿಯನ್ನು.

ಇದನ್ನು ತಡೆಯಲು 2009ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರ ಜೊತೆ ‘ಎಕ್ಸ್-ಫ್ರೇಮ್-ಆಪ್ಷನ್ಸ್’ ಎಂಬ ಸೂಚನೆ ಬಂತು. ನಂತರ ಎಲ್ಲ ಪ್ರಮುಖ ಬ್ರೌಸರ್‌ಗಳೂ ಅದನ್ನು ಒಪ್ಪಿದವು. ‘ನನ್ನ ಪುಟವನ್ನು ಬೇರೆಯವರ ಚೌಕಟ್ಟಿನಲ್ಲಿ ತೋರಿಸಬೇಡ’ ಎಂದು ತಾಣವೇ ಬ್ರೌಸರಿಗೆ ಹೇಳುವ ಮಾತು ಅದು. ಬ್ಯಾಂಕುಗಳು, ದೊಡ್ಡ ಸೇವಾತಾಣಗಳು ಇದನ್ನು ಬಳಸುತ್ತವೆ. ಅಂಥ ಪುಟವನ್ನು ಚೌಕಟ್ಟಿಗೆ ಹಾಕಿದರೆ ಒಳಗೆ ಬೂದು ಬಣ್ಣದ ಖಾಲಿ ಜಾಗವೂ ‘ಸಂಪರ್ಕ ನಿರಾಕರಿಸಿದೆ’ ಎಂಬ ಅರ್ಥದ ಸಾಲೂ ಕಾಣುತ್ತವೆ. ಆದರೆ ಎಲ್ಲ ತಾಣಗಳೂ ಈ ಸೂಚನೆ ಹಾಕಿಕೊಂಡಿರುವುದಿಲ್ಲ. ಹಾಕಿಕೊಂಡಿದ್ದರೂ ಮೋಸಗಾರ ಪುಟದ ನಕಲು ಮಾಡಿ ತನ್ನ ಚೌಕಟ್ಟಿನಲ್ಲಿ ಇಡಬಹುದು. ಆದ್ದರಿಂದ ಕೊನೆಗೆ ಕಣ್ಣು ಹಾಯಿಸಬೇಕಾದವರು ನಾವೇ.

ಸರ್ಕಾರಿ ತಾಣಗಳ ನಿಯಮ ಏನು ಹೇಳುತ್ತದೆ?

ಬಸವಕಲ್ಯಾಣ ಮತ್ತು ಹುಮನಾಬಾದ್ ಎರಡೂ ಬೀದರ್ ಜಿಲ್ಲೆಯ ತಾಲ್ಲೂಕುಗಳು. ಬೀದರ್ ಜಿಲ್ಲಾಡಳಿತದ ಅಧಿಕೃತ ತಾಣದ ವಿಳಾಸ ‘ಬೀದರ್ ಡಾಟ್ ಎನ್‌ಐಸಿ ಡಾಟ್ ಇನ್’. ಜಿಲ್ಲೆಗಳ ಇಂಥ ತಾಣಗಳನ್ನು ಕಟ್ಟುವುದಕ್ಕೆ ಕೇಂದ್ರದ ಎನ್‌ಐಸಿ ‘ಎಸ್‌3ವಾಸ್’ ಎಂಬ ತನ್ನದೇ ಸಾಧನ ಮಾಡಿಕೊಂಡಿದೆ. ಅದಕ್ಕಾಗಿಯೇ ಬೇರೆಬೇರೆ ಜಿಲ್ಲೆಗಳ ತಾಣಗಳು ನೋಡಲು ಒಂದೇ ರೀತಿ ಇರುತ್ತವೆ.

ಸರ್ಕಾರಿ ತಾಣಗಳು ಹೇಗಿರಬೇಕು ಎಂಬುದಕ್ಕೆ ಭಾರತ ಸರ್ಕಾರದ ಮಾರ್ಗಸೂಚಿ 2009ರಿಂದ ಇದೆ; ‘ಜಿಐಜಿಡಬ್ಲ್ಯು’ ಎಂದು ಅದನ್ನು ಕರೆಯುತ್ತಾರೆ. ಅದರಂತೆ ತಾಣಗಳು ತಮ್ಮ ಲಿಂಕ್ ನೀತಿಯನ್ನು ಪ್ರಕಟಿಸಬೇಕು. ಸರ್ಕಾರಿ ತಾಣಗಳ ಕೊನೆಯಲ್ಲಿ ‘ವೆಬ್‌ಸೈಟ್ ನೀತಿಗಳು’ ಎಂಬ ಲಿಂಕ್ ಒತ್ತಿದರೆ ಸಾಮಾನ್ಯವಾಗಿ ಇದು ಸಿಗುತ್ತದೆ. ಅದರ ಸಾರ ಹೀಗೆ: ನಮ್ಮ ಪುಟಕ್ಕೆ ನೀವು ಲಿಂಕ್ ಕೊಡುವುದಕ್ಕೆ ಅಡ್ಡಿಯಿಲ್ಲ, ಮೊದಲೇ ಅನುಮತಿ ಬೇಕಿಲ್ಲ, ಆದರೆ ನಮ್ಮ ಪುಟಗಳನ್ನು ನಿಮ್ಮ ತಾಣದ ಫ್ರೇಮ್‌ನೊಳಗೆ ತೋರಿಸುವಂತಿಲ್ಲ, ಅವು ಹೊಸ ಕಿಟಕಿಯಲ್ಲೇ ತೆರೆಯಬೇಕು.

ಲಿಂಕ್ ಬೇಕು, ಫ್ರೇಮ್ ಬೇಡ. ಈ ಗೆರೆ ಎಳೆದದ್ದು ನಮ್ಮಲ್ಲೇ ಮೊದಲಲ್ಲ. ಅಮೆರಿಕದಲ್ಲಿ ಟೋಟಲ್‌ನ್ಯೂಸ್ ಎಂಬ ತಾಣ ಬೇರೆ ಪತ್ರಿಕೆಗಳ ಪುಟಗಳನ್ನು ತನ್ನ ಚೌಕಟ್ಟಿನೊಳಗೆ, ತನ್ನ ಜಾಹೀರಾತುಗಳ ನಡುವೆ ತೋರಿಸುತ್ತಿತ್ತು. ವಾಷಿಂಗ್ಟನ್ ಪೋಸ್ಟ್, ಸಿಎನ್‌ಎನ್ ಮುಂತಾದವು 1997ರಲ್ಲಿ ಮೊಕದ್ದಮೆ ಹೂಡಿದವು. ಅದೇ ವರ್ಷ ರಾಜಿಯಾಯಿತು: ಲಿಂಕ್ ಕೊಡಬಹುದು, ಫ್ರೇಮ್ ಹಾಕುವಂತಿಲ್ಲ.

ಇದರಿಂದ ಫಾರ್ವರ್ಡ್ ನೋಡುವವರಿಗೆ ಒಂದು ಸುಲಭದ ಅಳತೆಗೋಲು ಸಿಗುತ್ತದೆ. ಯಾವುದೋ ಖಾಸಗಿ ತಾಣದ ಚೌಕಟ್ಟಿನೊಳಗೆ ಸರ್ಕಾರಿ ಪುಟ ಕಂಡರೆ, ಉದ್ದೇಶ ಒಳ್ಳೆಯದೇ ಇದ್ದರೂ, ಅದು ನಿಯಮಕ್ಕೆ ಹೊರತಾದದ್ದು. ಅದನ್ನು ಹಂಚುವ ಅಗತ್ಯವೇ ಇಲ್ಲ. ಅಸಲಿ ವಿಳಾಸ ಇದ್ದೇ ಇರುತ್ತದಲ್ಲ, ಅದನ್ನೇ ಹಂಚಿ.

ಫೋನಿನಲ್ಲಿ ಹೇಗೆ ಪರೀಕ್ಷಿಸುವುದು?

1. ವಿಳಾಸವನ್ನು ಪೂರ್ತಿ ನೋಡಿ. ಫೋನಿನಲ್ಲಿ ವಿಳಾಸದ ಒಂದು ತುಂಡು ಮಾತ್ರ ಕಾಣುತ್ತದೆ. ಅದರ ಮೇಲೆ ಒತ್ತಿದರೆ ಪೂರ್ತಿ ಕಾಣುತ್ತದೆ. ವಾಟ್ಸ್‌ಆ್ಯಪ್‌ನಿಂದ ತೆರೆದಿದ್ದರೆ ಮೂರು ಚುಕ್ಕೆಯ ಮೆನುವಿನಿಂದ ಬ್ರೌಸರಿನಲ್ಲಿ ತೆರೆದುಕೊಳ್ಳಿ.

2. ವಿಳಾಸವನ್ನು ಬಲದಿಂದ ಎಡಕ್ಕೆ ಓದಿ. ಆರಂಭದ ‘ಎಚ್‌ಟಿಟಿಪಿಎಸ್’ ಬಿಟ್ಟು, ಮೊದಲ ಓರೆಗೆರೆಯವರೆಗಿನ ಭಾಗ ತೆಗೆದುಕೊಳ್ಳಿ. ಅದು ಕೊನೆಗೊಳ್ಳುವುದು ‘ಜಿಒವಿ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’ ಎಂದು ಇದ್ದರೆ ಅದು ಸರ್ಕಾರಿ ವಿಳಾಸ. ಖಾಸಗಿಯವರಿಗೆ ಈ ಕೊನೆ ಸಿಗುವುದಿಲ್ಲ. ಸೇವಾ ಸಿಂಧು, ಪಹಣಿ ನೋಡುವ ಭೂಮಿ, ಬೆಳೆ ವಿಮೆಯ ಸಂರಕ್ಷಣೆ ಇವೆಲ್ಲದರ ವಿಳಾಸ ಕೊನೆಯಾಗುವುದು ‘ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಎಂದು. ‘ಜಿಒವಿ’ ಎಂಬ ಅಕ್ಷರಗಳು ಆರಂಭದಲ್ಲೋ ನಡುವೆಯೋ ಇದ್ದು, ಕೊನೆ ಬೇರೆ ಇದ್ದರೆ ನಂಬಬೇಡಿ.

3. ಒಳಗಿನ ಲಿಂಕ್ ಒತ್ತಿ, ವಿಳಾಸ ಗಮನಿಸಿ. ಒಳಗೆ ಪುಟ ಪೂರ್ತಿ ಬದಲಾದರೂ ಮೇಲಿನ ವಿಳಾಸ ಒಂದಕ್ಷರವೂ ಬದಲಾಗದಿದ್ದರೆ ಅಲ್ಲಿ ಫ್ರೇಮ್ ಇರಬಹುದು. ಕೆಲವು ಹೊಸ ಬಗೆಯ ತಾಣಗಳಲ್ಲಿ ಫ್ರೇಮ್ ಇಲ್ಲದೆಯೂ ಹೀಗಾಗುತ್ತದೆ. ಇದು ಅನುಮಾನಕ್ಕೆ ಕಾರಣ, ತೀರ್ಪಲ್ಲ.

4. ಬೆರಳಿನಿಂದ ಸರಿಸಿ ನೋಡಿ. ಹೊರಗಿನ ಪುಟ ನಿಂತಿದ್ದು, ಒಳಗಿನ ಒಂದು ಚೌಕವಷ್ಟೇ ಮೇಲೆ ಕೆಳಗೆ ಸರಿಯುತ್ತಿದ್ದರೆ ಅದೂ ಫ್ರೇಮ್‌ನ ಲಕ್ಷಣ.

5. ಕಂಪ್ಯೂಟರ್ ಇದ್ದರೆ ಇನ್ನೂ ಸುಲಭ. ಅನುಮಾನದ ಜಾಗದಲ್ಲಿ ಮೌಸ್‌ನ ಬಲಗುಂಡಿ ಒತ್ತಿ. ಫೈರ್‌ಫಾಕ್ಸ್‌ನಲ್ಲಿ ‘ಈ ಫ್ರೇಮ್’ ಎಂಬ ಆಯ್ಕೆ ಬಂದರೆ ಅಲ್ಲಿ ಫ್ರೇಮ್ ಇದೆ. ಅದನ್ನು ಹೊಸ ಟ್ಯಾಬ್‌ನಲ್ಲಿ ತೆರೆದರೆ ಒಳಗಿನ ಪುಟದ ಅಸಲಿ ವಿಳಾಸ ಗೊತ್ತಾಗುತ್ತದೆ.

6. ಎಲ್ಲಕ್ಕಿಂತ ಖಚಿತವಾದದ್ದು: ಬಂದ ಲಿಂಕ್ ಬಿಟ್ಟುಬಿಡಿ, ವಿಳಾಸವನ್ನು ನೀವೇ ಟೈಪ್ ಮಾಡಿ. ಅದೇ ಮಾಹಿತಿ ಅಲ್ಲಿ ಸಿಕ್ಕರೆ ಆ ವಿಳಾಸವನ್ನೇ ಗುಂಪಿಗೆ ಕಳಿಸಿ. ಸಿಗದಿದ್ದರೆ ಹತ್ತಿರದ ಗ್ರಾಮ ಒನ್, ರೈತ ಸಂಪರ್ಕ ಕೇಂದ್ರ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ.

ನೀವೇ ತಾಣ ಕಟ್ಟುವವರಾದರೆ

ಶಾಲೆಗೆ, ಸಂಘಕ್ಕೆ, ಅಂಗಡಿಗೆ, ಜಾತ್ರಾ ಸಮಿತಿಗೆ ಪುಟ ಮಾಡುವ ಯುವಕ ಯುವತಿಯರು ಈಗ ಎರಡೂ ಊರುಗಳಲ್ಲಿ ಸಿಗುತ್ತಾರೆ. ಅವರಿಗೆ ನಮ್ಮ ಕೆಲವು ಮಾತು.

ಎಂಬೆಡ್ ಕೋಡ್ ಅನ್ನು ಒಡೆಯರೇ ಕೊಟ್ಟಿದ್ದರೆ ಮಾತ್ರ ಫ್ರೇಮ್ ಹಾಕಿ: ನಕ್ಷೆ, ವಿಡಿಯೊ, ನಿಮ್ಮದೇ ಫಾರ್ಮ್ ಇಂಥವು. ಸರ್ಕಾರಿ ಪುಟಕ್ಕೆ ಲಿಂಕ್ ಕೊಡಿ, ಫ್ರೇಮ್ ಬೇಡ. ಲಾಗಿನ್, ಒಟಿಪಿ, ಹಣ ಪಾವತಿ ಕೇಳುವ ಬೇರೆಯವರ ಪುಟವನ್ನು ಎಂದಿಗೂ ಚೌಕಟ್ಟಿಗೆ ಹಾಕಬೇಡಿ. ನಿಮ್ಮ ಪುಟದಲ್ಲಿ ಅದನ್ನು ಕಂಡು ಅಭ್ಯಾಸವಾದವರು ನಾಳೆ ಮೋಸದ ಪುಟದಲ್ಲೂ ಅದನ್ನು ನಂಬುತ್ತಾರೆ.

ಚೌಕಟ್ಟಿನ ಕೆಳಗೆ ಅದು ಯಾರದು ಎಂದು ಹೆಸರು ಬರೆದು, ನೇರ ಲಿಂಕ್ ಕೊಡಿ. ಅಗಲವನ್ನು ಪಿಕ್ಸೆಲ್‌ನಲ್ಲಿ ಕೊಡುವ ಬದಲು ಶೇಕಡ 100 ಎಂದು ಕೊಟ್ಟರೆ ಫೋನಿನಲ್ಲೂ ಸರಿಯಾಗಿ ಕೂರುತ್ತದೆ. ಐಫ್ರೇಮ್ ಕೋಡ್‌ನಲ್ಲಿ ‘ಟೈಟಲ್’ ಎಂಬ ಜಾಗವಿದೆ. ಅಲ್ಲಿ ‘ಜಲಸಂಗಿ ದೇವಾಲಯಕ್ಕೆ ದಾರಿಯ ನಕ್ಷೆ’ ಎಂದು ಬರೆಯಿರಿ. ಕಣ್ಣು ಕಾಣದವರು ಬಳಸುವ, ಪುಟವನ್ನು ಓದಿ ಹೇಳುವ ತಂತ್ರಾಂಶ ಆ ಸಾಲನ್ನೇ ಓದುತ್ತದೆ. ಅದಿಲ್ಲದಿದ್ದರೆ ಚೌಕಟ್ಟಿನೊಳಗೆ ಏನಿದೆ ಎಂದು ಅವರಿಗೆ ಗೊತ್ತಾಗುವುದೇ ಇಲ್ಲ.

ತಾಣದ ಹೆಸರು ಮಾರುವವರು ಕೆಲವರು ‘ಡೊಮೈನ್ ಮಾಸ್ಕಿಂಗ್’ ಎಂಬ ಸೇವೆ ಕೊಡುತ್ತಾರೆ. ಉಚಿತ ಜಾಗದಲ್ಲಿ ಕಟ್ಟಿದ ಪುಟವನ್ನು ನಿಮ್ಮ ಸ್ವಂತ ಹೆಸರಿನ ವಿಳಾಸದಲ್ಲಿ ಕಾಣಿಸುವ ಉಪಾಯ ಅದು. ಒಳಗೆ ನಡೆಯುವುದು ಸಾಮಾನ್ಯವಾಗಿ ಫ್ರೇಮ್ ಕೆಲಸವೇ. ಓದುಗರಿಗೆ ಯಾವ ಪುಟದ ವಿಳಾಸವೂ ಬೇರೆಯಾಗಿ ಸಿಗದು, ಹುಡುಕಾಟದಲ್ಲೂ ನಿಮ್ಮ ಪುಟಗಳು ಸರಿಯಾಗಿ ಸಿಗವು. ಬಹುತೇಕ ಸಾಧನಗಳಲ್ಲಿ ಸ್ವಂತ ಹೆಸರನ್ನು ನೇರವಾಗಿ ಜೋಡಿಸುವ ದಾರಿ ಇದೆ, ಅದನ್ನೇ ಬಳಸಿ.

ಮಾಹಿತಿ ಕೊಟ್ಟಾಗಿದೆ, ಈಗೇನು?

ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಇದು ದೇಶದ ಸೈಬರ್ ವಂಚನೆ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗಳಿಗೆ ಸಾಗದಂತೆ ತಡೆಯುವ ಸಾಧ್ಯತೆ ಹೆಚ್ಚು. ‘ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್’ ತಾಣದಲ್ಲೂ ದೂರು ಕೊಡಬಹುದು. ನಿಮ್ಮ ಬ್ಯಾಂಕಿಗೂ ಕೂಡಲೇ ತಿಳಿಸಿ. ಬೇರೆಯವರಂತೆ ನಟಿಸಿ ಕಂಪ್ಯೂಟರ್ ಮೂಲಕ ಮೋಸ ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನ ಪ್ರಕಾರ ಅಪರಾಧ. 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಲಿಂಕ್ ಅಳಿಸಿಹಾಕುವ ಮೊದಲು ಅದರ ಪೂರ್ತಿ ವಿಳಾಸ ನಕಲಿಸಿಟ್ಟುಕೊಳ್ಳಿ, ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ. ಒಳಗಿನ ಪುಟ ಯಾವಾಗ ಬೇಕಾದರೂ ಬದಲಾಗಬಹುದಾದ್ದರಿಂದ ನೀವು ನೋಡಿದ್ದಕ್ಕೆ ಆ ಚಿತ್ರವೇ ಸಾಕ್ಷಿ. ಹಣ ಹೋಗಿಲ್ಲ, ಮಾಹಿತಿ ಮಾತ್ರ ಕೊಟ್ಟಿದ್ದೀರಿ ಎಂದಾದರೆ ಪಾಸ್‌ವರ್ಡ್, ಪಿನ್ ಬದಲಿಸಿ.

ನೀವು ಆ ಲಿಂಕ್ ಯಾವ ಗುಂಪಿಗೆ ಕಳಿಸಿದ್ದಿರೋ ಅಲ್ಲಿ ಅದನ್ನು ‘ಎಲ್ಲರಿಗೂ ಅಳಿಸಿ’. ಅದಷ್ಟೇ ಸಾಲದು, ಏಕೆ ಅಳಿಸಿದಿರಿ ಎಂದು ಒಂದು ಸಾಲನ್ನೂ ಬರೆಯಿರಿ. ಅಷ್ಟರಲ್ಲಿ ಅದನ್ನು ಇನ್ನೊಂದು ಗುಂಪಿಗೆ ದಾಟಿಸಿದವರು ಇರುತ್ತಾರೆ. ನಿಮ್ಮ ಆ ಸಾಲನ್ನು ಅವರೂ ದಾಟಿಸಲಿ.